ಡಿಟೆಕ್ಟರ್ ಕೂಗಿತು, ಸಿಕ್ಕಿದ್ದು ಚಿನ್ನವೇ?

ಮೆಟಲ್ ಡಿಟೆಕ್ಟರ್‌ಗೆ ಚಿನ್ನ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದರ ಸುರುಳಿಯಲ್ಲಿ ಹರಿಯುವ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಆಗ ಹುಟ್ಟುವ ಕಾಂತಕ್ಷೇತ್ರ ನೆಲದೊಳಗಿನ ಲೋಹಕ್ಕೆ ತಾಗಿದರೆ, ಆ ಲೋಹದಲ್ಲೂ ಸಣ್ಣ ಕರೆಂಟು ಸುಳಿಯಾಗಿ ಏಳುತ್ತದೆ. ಯಂತ್ರ ಹಿಡಿಯುವುದು ಆ ಸುಳಿಯನ್ನು. ವಿದ್ಯುತ್ ಹರಿಯುವ ವಸ್ತು ಇಲ್ಲೊಂದಿದೆ, ಅಷ್ಟೇ ಅದಕ್ಕೆ ತಿಳಿಯುವುದು. ಸಣ್ಣ ಬಂಗಾರದ ಉಂಗುರಕ್ಕೂ ಮುದುಡಿ ಬಿಸಾಡಿದ ಮಾತ್ರೆ ಪಟ್ಟಿಗೂ ಪರದೆಯ ಮೇಲೆ ಹೆಚ್ಚೂಕಡಿಮೆ ಒಂದೇ ಅಂಕಿ ಬರಬಹುದು. ಸಂಡೂರು, ಬಳ್ಳಾರಿ ಕಡೆ ಇನ್ನೊಂದು ತಲೆನೋವು. ಕಬ್ಬಿಣದ ಅಂಶ ಜಾಸ್ತಿ ಇರುವ ಕೆಂಪು ಮಣ್ಣೇ ಯಂತ್ರವನ್ನು ಕೂಗಿಸುತ್ತದೆ.

ನೆಲದಲ್ಲಿ ಚಿನ್ನ ಸಿಗಬಹುದು ಅನ್ನುವ ರಾಯಚೂರಿನವರ ಆಸೆಗೆ ಮಾತ್ರ ಆಧಾರವಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನದ ಗಣಿ ನಡೆಯುತ್ತಿದೆ. ಆದರೆ ಅಲ್ಲಿನ ಚಿನ್ನ ಬಿಳಿಗಲ್ಲಿನ ಎಳೆಗಳಲ್ಲಿ ಸಣ್ಣ ಕಣವಾಗಿ ಅಡಗಿದೆ. ಒಂದು ಟನ್ ಅದಿರಿಗೆ ಕೆಲವೇ ಗ್ರಾಂ. ಕಣ್ಣಿಗೆ ಬೀಳುವುದೇ ಅಪರೂಪ. ಅದರ ಜೊತೆಗೇ ಇರುವ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ, ಮಾತ್ರ ಥಳಥಳ ಹೊಳೆಯುತ್ತದೆ. ಹಾಗಾಗಿ ಆ ಕಡೆಯ ಕಲ್ಲಿನಲ್ಲಿ ಹಳದಿ ಹೊಳಪು ಕಂಡರೆ ಮೊದಲ ಅನುಮಾನ ಪೈರೈಟ್ ಮೇಲೆ ಇರಲಿ. ಸೂಜಿಯಿಂದ ಒತ್ತಿ ನೋಡಿ. ಚಿನ್ನ ಮೆತ್ತಗೆ ತಗ್ಗುತ್ತದೆ, ಪೈರೈಟ್ ಜಗ್ಗುವುದಿಲ್ಲ, ಜೋರು ಮಾಡಿದರೆ ಪುಡಿಯಾಗುತ್ತದೆ. ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚಿಗೆ ಉಜ್ಜಿದರೆ ಚಿನ್ನದ ಗೆರೆ ಹಳದಿ, ಪೈರೈಟಿನದು ಹಸಿರು ಬೆರೆತ ಕಪ್ಪು. ಪದರ ಪದರವಾಗಿ ಏಳುವುದು ಕಾಗೆಬಂಗಾರ, ಅಂದರೆ ಅಭ್ರಕ.

ಅಯಸ್ಕಾಂತ ಹಿಡಿಯುವವರೂ ಇದ್ದಾರೆ. ಅಂಟಿದರೆ ಒಳಗೆ ಕಬ್ಬಿಣವೋ ನಿಕ್ಕಲ್ಲೋ ಇದೆ ಅಂತ ಅರ್ಥ. ಅಂಟದಿದ್ದರೆ ಏನೂ ಸಾಬೀತಾಗಲಿಲ್ಲ. ಹಿತ್ತಾಳೆ, ತಾಮ್ರ, ಸೀಸ ಯಾವುದೂ ಅಂಟುವುದಿಲ್ಲ ಅಲ್ವಾ? ಕಚ್ಚಿ ನೋಡುವುದಂತೂ ಸುಮ್ನೆ ಹಲ್ಲಿಗೆ ಕಷ್ಟ. ಹಲ್ಲಿನ ಗುರುತು ಸೀಸದ ಮೇಲೂ ಬೀಳುತ್ತದೆ, ಅದು ಚಿನ್ನಕ್ಕಿಂತ ಮೆತ್ತಗಿದೆ.

ನನ್ನ ಪ್ರಕಾರ ಮನೆಯಲ್ಲಿ ಮಾಡಬಹುದಾದ ಒಳ್ಳೆಯ ಪರೀಕ್ಷೆ ಸಾಂದ್ರತೆಯದು. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಸಾಕು. ಮೊದಲು ವಸ್ತುವನ್ನು ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ವಸ್ತುವಿಗೆ ದಾರ ಕಟ್ಟಿ, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ, ವಸ್ತುವಿನ ಗಾತ್ರ ಅಷ್ಟೇ ಮಿಲಿಲೀಟರ್. ತೂಕವನ್ನು ಅದರಿಂದ ಭಾಗಿಸಿ. ಶುದ್ಧ ಚಿನ್ನಕ್ಕೆ 19.3 ಬರುತ್ತದೆ, 22 ಕ್ಯಾರೆಟ್‌ಗೆ 18ರ ಆಸುಪಾಸು. ಸೀಸ 11.3, ಹಿತ್ತಾಳೆ ಸುಮಾರು 8.5, ಪೈರೈಟ್ ಬರೀ 5. ಅಂದರೆ 20 ಗ್ರಾಂ ತೂಗುವ ತುಂಡು ಶುದ್ಧ ಚಿನ್ನವಾದರೆ ತಕ್ಕಡಿ 1.04 ತೋರಿಸುತ್ತದೆ, ಹಿತ್ತಾಳೆಯಾದರೆ 2.35. ಇಷ್ಟು ದೊಡ್ಡ ಅಂತರ ಇರುವಾಗ ಕೈ ಸ್ವಲ್ಪ ನಡುಗಿದರೂ ಚಿಂತೆಯಿಲ್ಲ.

ತುಂಡು ಸಣ್ಣದಾದಷ್ಟೂ ಲೆಕ್ಕ ಕೈಕೊಡುತ್ತದೆ. ಅರ್ಧ ಗ್ರಾಂ ಕೂಡ ಇಲ್ಲದ ಚೂರಿಗೆ ತಕ್ಕಡಿ 0.01 ಅಂದರೂ 0.03 ಅಂದರೂ ಆಶ್ಚರ್ಯವಿಲ್ಲ, ಉತ್ತರ ಮೂರು ಪಟ್ಟು ಬದಲಾಗುತ್ತದೆ. ಕಲ್ಲಿಗೆ ಅಂಟಿಕೊಂಡ ಕಣಕ್ಕೂ ಇದು ಆಗುವುದಿಲ್ಲ, ಅಲ್ಲಿ ತೂಗುವುದು ಕಲ್ಲನ್ನು. ಹಳೆಯ ಒಡವೆಯ ಗುಂಡುಗಳಲ್ಲಿ ಅರಗು ತುಂಬಿದ್ದರೆ ಅಸಲಿ ಬಂಗಾರವೇ ಹಗುರ ಅನ್ನಿಸುತ್ತದೆ. ಟಂಗ್‌ಸ್ಟನ್ ಎಂಬ ಲೋಹ ಉಲ್ಟಾ ಮೋಸ ಮಾಡುತ್ತದೆ. ಅದರ ಸಾಂದ್ರತೆ 19.25.

ಇಲ್ಲಿಂದ ಮುಂದೆ ಪತ್ತಾರರ ಕೆಲಸ. ಒರೆಗಲ್ಲಿಗೆ ತಿಕ್ಕಿ, ಪಕ್ಕದಲ್ಲಿ ಕ್ಯಾರೆಟ್ ಗೊತ್ತಿರುವ ಚಿನ್ನದ ಗೆರೆ ಎಳೆದು, ನೈಟ್ರಿಕ್ ಆಮ್ಲ ಹಚ್ಚುತ್ತಾರೆ. ಹಿತ್ತಾಳೆ ಗೆರೆ ಕರಗಿ ಹೋಗುತ್ತದೆ, ಒಳ್ಳೆಯ ಚಿನ್ನದ್ದು ಉಳಿಯುತ್ತದೆ. ಇದನ್ನು ಮನೆಯಲ್ಲಿ ಮಾಡಬೇಡಿ. ತಾಮ್ರ ಇರುವ ಲೋಹಕ್ಕೆ ಈ ಆಮ್ಲ ತಾಗಿದರೆ ಏಳುವ ಕಂದು ಹೊಗೆ ವಿಷ. ದೊಡ್ಡ ಅಂಗಡಿಗಳ ಎಕ್ಸ್‌ರೇ ಯಂತ್ರ ಗೀರದೆಯೇ ಉತ್ತರ ಕೊಡುತ್ತದೆ, ಆದರೆ ಅದು ನೋಡುವುದು ಮೇಲ್ಪದರವನ್ನು ಮಾತ್ರ. ಮೇಲೆ ದಪ್ಪ ಚಿನ್ನದ ಲೇಪ ಇದ್ದರೆ ಅದೂ ಏಮಾರುತ್ತದೆ. ಕೊನೆಯ ಮಾತು ಬೆಂಕಿಯದು. ಸ್ವಲ್ಪ ಚೂರು ತೆಗೆದು, ಸೀಸದ ಜೊತೆ ಕಾಯಿಸಿ, ಬೇರೆ ಲೋಹಗಳನ್ನು ಕಳೆದು ಉಳಿದ ಚಿನ್ನವನ್ನು ತೂಗುತ್ತಾರೆ.

ನಾಣ್ಯ ಸಿಕ್ಕರೆ ಇದ್ಯಾವುದೂ ಬೇಡ. ಒಂದು ಗೀರು ಬಿದ್ದರೂ ಅದರ ಬೆಲೆ ಕೆಡುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕುವುದೂ ಬೇಡ. ಎಲ್ಲಿ ಅಗೆಯುತ್ತೀರಿ ಅನ್ನುವುದೂ ಮುಖ್ಯ. 2019ರಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿ ಹತ್ತಿರ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಒಡೆದುಹಾಕಿದ್ದು ನೆನಪಿರಬೇಕಲ್ಲ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಸ್ವಂತ ಹೊಲದಲ್ಲಿ ಹೂತಿಟ್ಟ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದಕ್ಕೆ ರಾಜ್ಯದಲ್ಲಿ 1962ರ ಕಾಯ್ದೆಯೇ ಇದೆ. ಅಲ್ಲಿಯವರೆಗೆ ಸಿಕ್ಕ ಜಾಗದ ಫೋಟೊ ತೆಗೆದಿಡಿ, ಎಷ್ಟು ಆಳದಲ್ಲಿತ್ತು ಅಂತ ಬರೆದಿಡಿ, ಸುತ್ತಲಿನ ಮಡಕೆ ಚೂರುಗಳನ್ನು ಅಲ್ಲೇ ಬಿಡಿ. ನಾಣ್ಯ ಯಾವಾಗ ಮಣ್ಣು ಸೇರಿತು ಅನ್ನುವುದನ್ನು ಪುರಾತತ್ವದವರು ಲೆಕ್ಕ ಹಾಕುವುದು ಆ ಚೂರುಗಳಿಂದ.