ಎಕ್ಸೋಸೋಮ್ ಇಂಜೆಕ್ಷನ್: ಸವೆದ ಮೊಣಕಾಲು ಮತ್ತೆ ಬೆಳೆಯುತ್ತದೆಯೇ?

ಪ್ರಶ್ನೆ: ಅಮ್ಮನಿಗೆ 68 ವರ್ಷ, ಮೊಣಕಾಲು ಸವೆದಿದೆ. ಎಕ್ಸೋಸೋಮ್ ಚುಚ್ಚಿದರೆ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ, ಸ್ಟೆಮ್ ಸೆಲ್‌ಗಿಂತ ಸುರಕ್ಷಿತ ಎಂದು ಕ್ಲಿನಿಕ್ ಒಂದರಲ್ಲಿ ಹೇಳಿದರು. ಮಾಡಿಸಬಹುದೇ? – ಓದುಗರೊಬ್ಬರು, ಜಯನಗರ, ಬೆಂಗಳೂರು

ಸದ್ಯಕ್ಕೆ ಬೇಡ. ಹಾಗೆಂದು ಎಕ್ಸೋಸೋಮ್ ಬರೀ ಬುರುಡೆಯಲ್ಲ.

ನಮ್ಮ ಜೀವಕೋಶಗಳು ಕೊಬ್ಬಿನ ಪೊರೆ ಸುತ್ತಿದ ಪುಟ್ಟ ಪೊಟ್ಟಣಗಳನ್ನು ಸದಾ ಹೊರಗೆ ಬಿಡುತ್ತಿರುತ್ತವೆ. ಇವೇ ಎಕ್ಸೋಸೋಮ್. ಗಾತ್ರ 30ರಿಂದ 150 ನ್ಯಾನೊಮೀಟರ್. ಒಂದು ಕೂದಲಿನ ಅಡ್ಡಗಲದಲ್ಲಿ ನೂರಾರು ಹಿಡಿಸುತ್ತವೆ. 1983ರಲ್ಲಿ ಎಳೆಯ ಕೆಂಪು ರಕ್ತಕಣಗಳಲ್ಲಿ ಇವು ಕಂಡಾಗ, ಕೋಶ ತನಗೆ ಬೇಡವಾದದ್ದನ್ನು ಎಸೆಯುತ್ತಿದೆ ಎಂದೇ ವಿಜ್ಞಾನಿಗಳು ತಿಳಿದರು. 2007ರಲ್ಲಿ ಸ್ವೀಡನ್ನಿನ ತಂಡವೊಂದು ಪೊಟ್ಟಣದೊಳಗೆ ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತ ಆರ್‌ಎನ್‌ಎ ಇರುವುದನ್ನೂ, ಅದನ್ನು ಪಡೆದ ಕೋಶ ಅದರಂತೆ ಪ್ರೋಟೀನ್ ತಯಾರಿಸುವುದನ್ನೂ ತೋರಿಸಿತು. ಕಸ ಎಂದುಕೊಂಡದ್ದು ಟಪಾಲಾಗಿತ್ತು.

ಇನ್ನು ಸ್ಟೆಮ್ ಸೆಲ್ ಎಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ. ಚುಚ್ಚಿದ ಸ್ಟೆಮ್ ಸೆಲ್‌ಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸಾಯುತ್ತವೆ. ಆದರೂ ಗುಣ ಕಾಣುವುದೇಕೆ? ಅವು ಬಿಟ್ಟುಹೋದ ಟಪಾಲಿನಿಂದ ಇರಬೇಕು ಎಂಬ ಅನುಮಾನಕ್ಕೆ 2010ರಲ್ಲಿ ಸಿಂಗಪುರದಲ್ಲಿ ಬಲ ಬಂತು: ಪೊಟ್ಟಣಗಳನ್ನಷ್ಟೇ ಕೊಟ್ಟಾಗಲೂ ಇಲಿಗಳ ಹೃದಯಕ್ಕಾದ ಹಾನಿ ತಗ್ಗಿತು. ಇಲಿಗಳ ಮೊಣಕಾಲಿನಲ್ಲಿ ಕೊರೆದ ಗುಂಡಿಯೂ 2016ರಲ್ಲಿ ಚೆನ್ನಾಗಿ ತುಂಬಿಕೊಂಡಿತು. ಆದರೆ ಹೊಸದಾಗಿ ಕೊರೆದ ಗುಂಡಿ ಬೇರೆ, ದಶಕಗಳ ಕಾಲ ಮೆಟ್ಟಿಲು ಹತ್ತಿಳಿದು ಸವೆದ ನಿಮ್ಮ ಅಮ್ಮನ ಮೊಣಕಾಲು ಬೇರೆ.

ನನ್ನ ತಕರಾರು ಕ್ಲಿನಿಕ್‌ನಲ್ಲಿ ಚುಚ್ಚುವ ಔಷಧದ ಸೀಸೆಯ ಬಗ್ಗೆ. ಕೋಶ ಬೆಳೆಸಿದ ದ್ರವವನ್ನು ಅತಿವೇಗದಲ್ಲಿ ತಿರುಗಿಸಿಯೋ ಸೋಸಿಯೋ ಪೊಟ್ಟಣಗಳನ್ನು ಬೇರ್ಪಡಿಸುತ್ತಾರೆ. ಅವುಗಳ ಜೊತೆಗೆ ಬೇಡದ ಪ್ರೋಟೀನ್, ಕೊಬ್ಬಿನ ಕಣಗಳೂ ಬರುತ್ತವೆ. ಸೀಸೆಯ ಮೇಲೆ ಪೊಟ್ಟಣಗಳ ಸಂಖ್ಯೆಯನ್ನು ಕೋಟಿಗಳ ಲೆಕ್ಕದಲ್ಲಿ ಬರೆದಿರಬಹುದು. ಎಷ್ಟಿವೆ ಎಂಬುದು ಏನು ಮಾಡುತ್ತವೆ ಎಂಬುದಕ್ಕೆ ಉತ್ತರವಲ್ಲ.

‘ಸುರಕ್ಷಿತ’ ಎಂಬ ಮಾತು ಅರ್ಧ ನಿಜ. ಪೊಟ್ಟಣಗಳು ಕೋಶಗಳಂತೆ ವಿಭಜನೆಯಾಗಿ ಗಡ್ಡೆ ಕಟ್ಟಲಾರವು. ಆದರೆ 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿದ್ದು, ನೆಬ್ರಾಸ್ಕದಲ್ಲಿ ಅನುಮತಿಯಿಲ್ಲದ ಎಕ್ಸೋಸೋಮ್ ಉತ್ಪನ್ನ ಪಡೆದ ರೋಗಿಗಳಿಗೆ ಗಂಭೀರ ತೊಂದರೆಯಾದ ಮೇಲೆಯೇ.

ಇನ್ನೊಂದು ಗೊಂದಲ: ಬೆಂಗಳೂರಿನ ಕಂಪನಿಯೊಂದರ ‘ಸ್ಟೆಂಪ್ಯೂಸೆಲ್’ಗೆ 2022ರಲ್ಲಿ ಮೊಣಕಾಲು ಸವೆತದ ಚಿಕಿತ್ಸೆಗೆ ಅನುಮತಿ ಸಿಕ್ಕಿದೆ. ಅದು ಜೀವಂತ ಕೋಶಗಳ ಔಷಧ. ಅದರ ಅನುಮತಿ ತೋರಿಸಿ ಎಕ್ಸೋಸೋಮ್ ಮಾರಿದರೆ ಒಪ್ಪಬೇಡಿ.

ಮತ್ತೆ ಆ ಕ್ಲಿನಿಕ್‌ಗೆ ಹೋದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ದೇಶದ ವೈದ್ಯಕೀಯ ಪ್ರಯೋಗಗಳು ದಾಖಲಾಗುವುದು ಅಲ್ಲಿ. ಸಂಖ್ಯೆಯ ಬದಲು ಕಂತಿನ ಸೌಲಭ್ಯದ ಮಾತು ಬಂದರೆ ಅಮ್ಮನನ್ನು ಕರೆದುಕೊಂಡು ಮನೆಗೆ ಬನ್ನಿ. ತೊಡೆಯ ಸ್ನಾಯು ಗಟ್ಟಿಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಈ ವಾರವೇ ಶುರುಮಾಡಿಸಬಹುದು.