ಹಂಚಿನ ಮೇಲಿನ ಮಳೆ, ಜೀಪಿನ ಪ್ಲೇಟು

ಸೋಮವಾರಪೇಟೆ ಕಡೆಯ ನಮ್ಮ ತೋಟದ ಹಳೇ ಜೀಪಿನ ಸ್ಪ್ರಿಂಗ್ ಪ್ಲೇಟು ಮುರಿಯಿತು. ಅದೂ ಗೊಬ್ಬರದ ಮೂಟೆ ಇಳಿಸಿ ಖಾಲಿ ವಾಪಸ್ ಬರುವಾಗ. "ಲೋಡ್ ಇದ್ದಾಗ ಸುಮ್ನಿತ್ತು, ಈಗ ಯಾಕೆ?" ಅಂತ ಡ್ರೈವರ್‌ಗೆ ಆಶ್ಚರ್ಯ. ಮುರಿದ ತುಂಡಿನಲ್ಲೇ ಉತ್ತರ ಇತ್ತು. ಅರ್ಧಕ್ಕಿಂತ ಜಾಸ್ತಿ ಭಾಗ ಕಪ್ಪಗೆ, ನುಣ್ಣಗೆ, ಅಲೆಯಂಥ ಗೆರೆಗಳು. ಉಳಿದದ್ದು ಮಾತ್ರ ಒರಟು ಬೂದು, ಆಗಷ್ಟೇ ಮುರಿದದ್ದು. ಬಿರುಕು ಎಷ್ಟೋ ದಿನದಿಂದ ಒಳಗೊಳಗೇ ಬೆಳೆದಿತ್ತು.

ಇದು ಫಟೀಗ್, ಲೋಹದ ದಣಿವು. 19ನೇ ಶತಮಾನದಲ್ಲಿ ರೈಲಿನ ಚಕ್ರದ ಅಚ್ಚುಗಳು (ಆಕ್ಸಲ್) ಹೀಗೇ ಮುರಿಯುತ್ತಿದ್ದಾಗ ಜರ್ಮನಿಯ ಆಗಸ್ಟ್ ವೋಲರ್ ಅವನ್ನು ಮತ್ತೆ ಮತ್ತೆ ಬಾಗಿಸಿ, ಎಷ್ಟು ಒತ್ತಡಕ್ಕೆ ಎಷ್ಟು ಸಲ ತಾಳುತ್ತವೆ ಎಂದು ಲೆಕ್ಕ ಹಾಕಿದ. ನಾನು ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿ ಸಂಬಳ ತಗೊಳ್ಳುತ್ತೇನೆ.

ಪ್ಲೇಟನ್ನು ಕಂಪ್ಯೂಟರಿನಲ್ಲಿ ಲಕ್ಷ ಸಲ ಕುಲುಕಬೇಕಾಗಿಲ್ಲ. ಒಂದು ಲೋಡಿಗೆ ಒತ್ತಡ ಎಷ್ಟು ಅಂತ ಒಂದು ಸಲ ಲೆಕ್ಕ ಬಿಡಿಸಿದರೆ ಸಾಕು. ಲೋಹ ತನ್ನ ಆಕಾರಕ್ಕೆ ಮರಳುವ ಮಿತಿಯಲ್ಲಿ ಇರುವ ತನಕ, ಲೋಡ್ ಎರಡರಷ್ಟಾದರೆ ಒತ್ತಡವೂ ಎರಡರಷ್ಟು. ಆಮೇಲೆ ಉಳಿಯುವುದು ಎರಡೇ ಪ್ರಶ್ನೆ: ಒತ್ತಡ ಏರಿಳಿಯುವುದು ಎಲ್ಲಿಂದ ಎಲ್ಲಿಗೆ, ಎಷ್ಟು ಸಲ?

ಹೊಸಬರು ಎಡವುವುದು 'ಎಲ್ಲಿಂದ ಎಲ್ಲಿಗೆ' ಅನ್ನುವಲ್ಲಿ. ಸಾಫ್ಟ್‌ವೇರ್ ಸಾಮಾನ್ಯವಾಗಿ ಎರಡು ಸಿದ್ಧ ಆಯ್ಕೆ ಕೊಡುತ್ತದೆ. ಒಂದು, ಎಳೆತ ಎಷ್ಟೋ ಒತ್ತೂ ಅಷ್ಟೇ. ತಿರುಗುವ ರೈಲಿನ ಅಚ್ಚಿಗೆ ಇದು ಸರಿ. ಇನ್ನೊಂದು, ಸೊನ್ನೆಯಿಂದ ಪೂರ್ತಿ ಲೋಡಿಗೆ ಹೋಗಿ ವಾಪಸ್. ಕ್ರೇನಿನ ಕೊಕ್ಕೆ ಹಾಗೆ. ಜೀಪಿನ ಪ್ಲೇಟು ಎರಡೂ ಅಲ್ಲ. ಶೆಡ್ಡಿನಲ್ಲಿ ಸುಮ್ಮನೆ ನಿಂತಾಗಲೂ ಗಾಡಿಯ ಭಾರಕ್ಕೆ ಅದು ಬಾಗಿಯೇ ಇರುತ್ತದೆ. ಗುಂಡಿಗೆ ಬಿದ್ದಾಗಿನ ಏರಿಳಿತ ಅದರ ಮೇಲಿನದ್ದು. ಹೀಗೆ ಮೊದಲೇ ಎಳೆತದಲ್ಲಿರುವ ಉಕ್ಕು ಬೇಗ ಸೋಲುತ್ತದೆ. ಆ ಸರಾಸರಿ ಒತ್ತಡದ ತಿದ್ದುಪಡಿ ಮರೆತರೆ, ಪರದೆ ಮೇಲೆ ಬರುವ ಆಯಸ್ಸು ಸುಳ್ಳು.

'ಎಷ್ಟು ಸಲ' ಇನ್ನೂ ಚೆಂದದ ಕಥೆ. ತೋಟದ ರಸ್ತೆಯಲ್ಲಿ ಏರಿಳಿತ ಒಂದೇ ಅಳತೆಯದ್ದಲ್ಲ. ಮೂಟೆ ತುಂಬಿಸಿ ಇಳಿಸುವುದು ಒಂದು ದೊಡ್ಡ ಚಕ್ರ, ಅಂದರೆ ಒತ್ತಡ ಏರಿ ಇಳಿಯುವ ಒಂದು ಸುತ್ತು. ಅದರ ಬೆನ್ನ ಮೇಲೆ ನೂರಾರು ಚಿಕ್ಕ ಕುಲುಕಾಟ. ಅಕ್ಕಪಕ್ಕದ ಏರು-ಇಳಿವನ್ನಷ್ಟೇ ಎಣಿಸಿದರೆ ದೊಡ್ಡದು ಕಳೆದೇ ಹೋಗುತ್ತದೆ. 1968ರಲ್ಲಿ ಜಪಾನಿನ ಎಂಡೊ ಮತ್ತು ಮಾತ್ಸುಯಿಶಿ ಇದಕ್ಕೊಂದು ದಾರಿ ಕಂಡರು. ಒತ್ತಡದ ಏರಿಳಿತ ತೋರಿಸುವ ಗ್ರಾಫಿನ ಗೆರೆಯನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸಿ, ಪಗೋಡದ ಸೂರುಗಳ ಸಾಲು ಅಂದುಕೊಳ್ಳಿ. ಪ್ರತಿ ಮೂಲೆಯಿಂದ ಮಳೆನೀರು ಹರಿಯಲಿ. ಮೇಲಿನ ಸೂರಿನಿಂದ ಸುರಿಯುವ ನೀರು ಎದುರಾದರೆ ಕೆಳಗಿನ ಹರಿವು ಅಲ್ಲಿಗೇ ನಿಲ್ಲಬೇಕು. ಚಿಕ್ಕ ಹರಿವು ಚಿಕ್ಕ ಚಕ್ರ, ಸೂರಿನಿಂದ ಸೂರಿಗೆ ಇಳಿದು ದೂರ ಹೋದದ್ದು ದೊಡ್ಡ ಚಕ್ರ. ಜುಲೈಯಲ್ಲಿ ಕೊಡಗಿನ ಹಂಚಿನ ಮನೆಯ ಜಗಲಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ದೊಡ್ಡದನ್ನು ಯಾಕೆ ಬಿಡಬಾರದು ಅಂದರೆ, ವೆಲ್ಡ್ ಮಾಡಿದ ಉಕ್ಕಿನಲ್ಲಿ ಏರಿಳಿತ ಎರಡರಷ್ಟಾದರೆ ಆಯಸ್ಸು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಪ್ರತಿ ಚಕ್ರ ಎಷ್ಟು ಆಯಸ್ಸು ತಿಂದಿತು ಎಂದು ಕೂಡಿಸುತ್ತಾ ಹೋಗಿ, ಮೊತ್ತ 1 ಮುಟ್ಟಿದರೆ ಮುರಿಯಿತು ಅಂತ ಲೆಕ್ಕ. ಯಾವುದು ಮೊದಲು, ಯಾವುದು ಆಮೇಲೆ ಅಂತ ಈ ಸೂತ್ರ ಕೇಳುವುದೇ ಇಲ್ಲ. ನನಗೆ ಅದರ ಮೇಲೆ ಅರೆನಂಬಿಕೆ ಅಷ್ಟೇ.

ನಾನು ಒಂದು ಟ್ರಿಪ್ಪಿನ ಏರಿಳಿತವನ್ನೆಲ್ಲ ಒಂದು ಬ್ಲಾಕ್, ಅಂದರೆ ಒಂದು ಕಂತೆ, ಅಂತ ಸಾಫ್ಟ್‌ವೇರಿಗೆ ಕೊಡುತ್ತೇನೆ. ಆಗ ಉತ್ತರವೂ ಟ್ರಿಪ್ಪಿನ ಲೆಕ್ಕದಲ್ಲೇ ಬರುತ್ತದೆ, ಡ್ರೈವರ್‌ಗೂ ಅರ್ಥವಾಗುತ್ತದೆ. ನಮ್ಮ ಪ್ಲೇಟಿನ ಬಿರುಕು ಹುಟ್ಟಿದ್ದು ಮಾತ್ರ ಕಾಳುಮೆಣಸಿನಷ್ಟು ಚಿಕ್ಕ ತುಕ್ಕಿನ ಗುಳಿಯಲ್ಲಿ. ಸಾಫ್ಟ್‌ವೇರಿನಲ್ಲಿ ನಾವಾಗಿ ಬದಲಿಸದಿದ್ದರೆ, ಮೇಲ್ಮೈ ಕನ್ನಡಿಯ ಹಾಗೆ ಪಾಲಿಶ್ ಆಗಿದೆ ಅಂತಲೇ ಅದು ಲೆಕ್ಕ ಹಾಕಿರುತ್ತಿತ್ತು.