ಮೂಲ ತಿಳಿಯದ ಕ್ಯಾನ್ಸರ್: ಹಾಗೆಂದರೇನು?

ಕುತ್ತಿಗೆಯಲ್ಲೊಂದು ಗಂಟು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬರುತ್ತದೆ, ಆದರೆ ಅದು ಅಲ್ಲಿ ಹುಟ್ಟಿದ್ದಲ್ಲ, ಬೇರೆ ಅಂಗದಿಂದ ಹರಡಿ ಬಂದದ್ದು. ಎಲ್ಲಿಂದ? ಸ್ಕ್ಯಾನ್, ಎಂಡೋಸ್ಕೋಪಿ, ರಕ್ತಪರೀಕ್ಷೆ ಮುಗಿದರೂ ಉತ್ತರ ಸಿಗದಿದ್ದರೆ ಅದನ್ನು ‘ಮೂಲ ತಿಳಿಯದ ಕ್ಯಾನ್ಸರ್’ ಎನ್ನುತ್ತಾರೆ. ವೈದ್ಯರ ಬಾಯಲ್ಲಿ ಅದು ‘ಸಿಯುಪಿ’. ಒಟ್ಟು ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 2ರಿಂದ 5ರಷ್ಟು ಈ ಬಗೆಯವು.

ಈ ಹೆಸರು ಕೇಳಿದೊಡನೆ ಮನೆಯವರು ‘ಡಾಕ್ಟರಿಗೇ ಗೊತ್ತಾಗಲಿಲ್ಲ, ಇನ್ನೇನು ಚಿಕಿತ್ಸೆ’ ಎಂದು ಕೈಚೆಲ್ಲಬಾರದು. ಮೂಲ ಗೆಡ್ಡೆ ಸ್ಕ್ಯಾನಿಗೆ ಸಿಗದಷ್ಟು ಚಿಕ್ಕದಿರಬಹುದು, ಇಲ್ಲವೇ ತಾನಾಗಿಯೇ ಕರಗಿಹೋಗಿರಬಹುದು. ಆದರೂ ಹರಡಿದ ಜೀವಕೋಶಗಳು ಎಷ್ಟೋ ಸಲ ತವರಿನ ಗುರುತನ್ನು ಉಳಿಸಿಕೊಂಡಿರುತ್ತವೆ.

ಆ ಗುರುತು ಹಿಡಿಯುವವರು ಪೆಥಾಲಜಿಸ್ಟ್‌ಗಳು. ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿ ‘ಬ್ಲಾಕ್’ ಮಾಡುತ್ತಾರೆ. ಅದರಿಂದ ಕೆಲವೇ ಮೈಕ್ರಾನ್ ದಪ್ಪದ ಪದರಗಳನ್ನು ಕೊಯ್ದು, ಗಾಜಿನ ಸ್ಲೈಡಿನ ಮೇಲಿಟ್ಟು, ಒಂದೊಂದಕ್ಕೂ ಬೇರೆ ಬೇರೆ ಪ್ರತಿಕಾಯ (ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ವಸ್ತು) ಹಾಕುತ್ತಾರೆ. ಹುಡುಕುತ್ತಿರುವ ಪ್ರೋಟೀನ್ ಇದ್ದ ಕಡೆ ಸಾಮಾನ್ಯವಾಗಿ ಕಂದು ಬಣ್ಣ ಮೂಡುತ್ತದೆ. ಟಿಟಿಎಫ್-1 ಎಂಬ ಪ್ರೋಟೀನಿನ ಪ್ರತಿಕಾಯ ಹಾಕಿದಾಗ ಕೋಶಕೇಂದ್ರ ಕಂದಾದರೆ ಶ್ವಾಸಕೋಶ ಅಥವಾ ಥೈರಾಯ್ಡ್ ಮೇಲೆ ಅನುಮಾನ. ಸಿಡಿಎಕ್ಸ್-2 ಆದರೆ ಕರುಳಿನ ಮೇಲೆ. ವರದಿಯಲ್ಲಿ ‘ಐಎಚ್‌ಸಿ’ ಎಂದಿರುವುದು ಇದೇ. ಒಂದೇ ಗುರುತನ್ನು ನೆಚ್ಚಿ ತೀರ್ಮಾನಿಸುವಂತಿಲ್ಲ. ಹಲವನ್ನು ಒಟ್ಟಿಗೆ ಓದಬೇಕು.

ಮೂಲ ಕಾಣದಿದ್ದರೂ ಚಿಕಿತ್ಸೆಗೆ ದಾರಿ ತೋರುವ ಗುಂಪುಗಳಿವೆ. ಮಹಿಳೆಯ ಕಂಕುಳಿನ ದುಗ್ಧಗ್ರಂಥಿಯಲ್ಲಿ ಮಾತ್ರ ಅಡಿನೋಕಾರ್ಸಿನೋಮ (ಸ್ರವಿಸುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಕಂಡರೆ, ಸ್ತನದಲ್ಲಿ ಏನೂ ಸಿಗದಿದ್ದರೂ ಸ್ತನ ಕ್ಯಾನ್ಸರಿನ ಚಿಕಿತ್ಸೆಯನ್ನೇ ಕೊಡುತ್ತಾರೆ. ಪುರುಷನ ಮೂಳೆಗೆ ಹರಡಿದ್ದು, ರಕ್ತದಲ್ಲಿ ಪಿಎಸ್‌ಎ (ಪ್ರೊಸ್ಟೇಟ್ ಗ್ರಂಥಿ ತಯಾರಿಸುವ ಪ್ರೋಟೀನ್) ಹೆಚ್ಚಿದ್ದರೆ ಪ್ರೊಸ್ಟೇಟ್ ಕ್ಯಾನ್ಸರ್ ಎಂದೇ ನೋಡುತ್ತಾರೆ. ಎದೆಯ ನಡುಭಾಗದಲ್ಲಿ ಗೆಡ್ಡೆಯಿರುವ ಯುವಕನಲ್ಲಿ ಜರ್ಮ್ ಸೆಲ್ ಗೆಡ್ಡೆಯನ್ನು (ವೀರ್ಯಾಣು, ಅಂಡಾಣುಗಳಾಗುವ ಮೂಲಕೋಶಗಳಿಂದ ಹುಟ್ಟುವ ಗೆಡ್ಡೆ) ಮರೆಯಲೇಬಾರದು: ಪ್ಲಾಟಿನಂ ಆಧಾರಿತ ಕೀಮೋದಿಂದ ಪೂರ್ತಿ ಗುಣವಾಗುವ ಸಾಧ್ಯತೆ ಅಲ್ಲಿದೆ.

ಹೆಚ್ಚಿನ ರೋಗಿಗಳು ಮಾತ್ರ ಇಂಥ ಗುಂಪುಗಳಿಗೆ ಸೇರುವುದಿಲ್ಲ. ಅವರಿಗೆ ಸಾಮಾನ್ಯ ಕೀಮೋಥೆರಪಿಯೇ ಗತಿಯಾಗಿತ್ತು, ಫಲ ಅಷ್ಟಕ್ಕಷ್ಟೇ. ಈಗ ಗೆಡ್ಡೆಯ ವಂಶವಾಹಿ ಬದಲಾವಣೆ ನೋಡಿ ಔಷಧ ಆಯುವ ಪ್ರಯತ್ನ ನಡೆದಿದೆ. 2024ರಲ್ಲಿ ಪ್ರಕಟವಾದ ‘ಕಪಿಸ್ಕೊ’ ಪ್ರಯೋಗದಲ್ಲಿ ಹೀಗೆ ಚಿಕಿತ್ಸೆ ಪಡೆದವರಲ್ಲಿ ರೋಗ ಉಲ್ಬಣಿಸದೆ ಉಳಿದ ಮಧ್ಯಮಾವಧಿ (ಅರ್ಧದಷ್ಟು ಜನ ದಾಟಿದ ಅವಧಿ) 6.1 ತಿಂಗಳು, ಕೀಮೋ ಪಡೆದವರಲ್ಲಿ 4.4. ಹೆಚ್ಚಳ ಸಣ್ಣದು, ಆದರೆ ದಶಕಗಳಿಂದ ಹೆಚ್ಚೇನೂ ಬದಲಾಗದ ಈ ಕಾಯಿಲೆಯಲ್ಲಿ ನನಗೆ ಅದು ದೊಡ್ಡದಾಗಿಯೇ ಕಾಣುತ್ತದೆ.

ನಮ್ಮಲ್ಲಿ ಕುತ್ತಿಗೆಯ ಗಂಟೆಂದರೆ ಮೊದಲು ಕ್ಷಯದ ನೆನಪು. ತಪ್ಪಲ್ಲ. ಆದರೆ ತಂಬಾಕು ಜಗಿಯುವವರಲ್ಲಿ, ಸೇದುವವರಲ್ಲಿ ಬಾಯಿ, ಗಂಟಲು, ಟಾನ್ಸಿಲ್ ಮತ್ತು ನಾಲಿಗೆಯ ಬುಡವನ್ನು ತಜ್ಞರು ಕ್ಯಾಮೆರಾ ಹಾಕಿ ನೋಡಬೇಕು. ಇನ್ನೊಂದು ಆಸ್ಪತ್ರೆಯ ಅಭಿಪ್ರಾಯ ಕೇಳಲು ಹೋಗುವಾಗ ವರದಿಯ ಕಾಗದವೊಂದೇ ಸಾಲದು. ಪ್ರಯೋಗಾಲಯದಿಂದ ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆದು ಒಯ್ಯಿರಿ. ಮುಂದಿನ ಪರೀಕ್ಷೆಗಳನ್ನು ಅದರ ಮೇಲೆಯೇ ಮಾಡುವಂತಿದ್ದರೆ ರೋಗಿಗೆ ಮತ್ತೊಂದು ಬಯಾಪ್ಸಿಯ ನೋವು ತಪ್ಪುತ್ತದೆ.